ಸರದಿ ಮುಗಿದವರ ಜೊತೆ ಮಂಡ್ಯಕ್ಕೆ

ಭಾನುವಾರ ಬೆಳಿಗ್ಗೆ ಏಳೂವರೆಗೆ ನಮ್ಮೂರು ಪೂರಿಗಾಲಿಯಲ್ಲಿ ಬಸ್ಸು ಹತ್ತಿದೆವು. ಜಯಕ್ಕನ ಕೈಯಲ್ಲಿ ಕರಪತ್ರದ ಚೀಲ, ನನ್ನ ಕೈಯಲ್ಲಿ ಗೆರೆ ಹಾಕಿದ ನೋಟ್ ಪುಸ್ತಕ. ಹೆಂಗಸರಾದ್ದರಿಂದ ಇಬ್ಬರ ಟಿಕೆಟ್ಟಿನ ಮೇಲೂ ದರ ಸೊನ್ನೆ. ಮಳವಳ್ಳಿ, ಮದ್ದೂರು, ಮಂಡ್ಯ ಮೂರು ಕಡೆ ನೆಲೆಸಿರುವ, ಆದರೆ ನಮ್ಮೂರಿನ ಪಟ್ಟಿಯಲ್ಲೇ ಹೆಸರಿರುವ ಒಂಬತ್ತು ಮತದಾರರನ್ನು ಸಂಜೆಯೊಳಗೆ ಕಂಡು ಬರುವುದು ನಮ್ಮ ಲೆಕ್ಕ.

ಕಳೆದ ಸಲ ಜಯಕ್ಕ ಪಂಚಾಯಿತಿಗೆ ಗೆದ್ದದ್ದು ಹನ್ನೊಂದು ಓಟಿನ ಅಂತರದಲ್ಲಿ. ಆಗ ನಮ್ಮ ವಾರ್ಡು ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾಗಿತ್ತು. ಈ ಸಲ ಅದು ಸಾಮಾನ್ಯ ಸ್ಥಾನ. ಆದರೂ ಅವರು ನಿಂತಿದ್ದಾರೆ. ಎದುರಿಗಿರುವುದು ಜಯಕ್ಕನ ಬೀದಿಯವರಲ್ಲ; ನನ್ನ ಬೀದಿಯ, ನನ್ನ ಜಾತಿಯ ಗಂಡಸು. ಹೊರಗಿನ ಒಂಬತ್ತು ಓಟು ಕೈತಪ್ಪಿದರೆ ಜಯಕ್ಕ ಸೋತಂತೆಯೇ.

ಹೊರಡುವ ಮೊದಲೇ ನಾನು ಹೆಸರು ನೋಡಿ ‘ಹೌದು’, ‘ಇಲ್ಲ’ ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿದ್ದೆ. ಯಾರು ಯಾವ ಬೀದಿಯವರೆಂದು ತಿಳಿದರೆ ಸಾಕು ಎಂಬುದು ನನ್ನ ನಂಬಿಕೆ.

ಮಳವಳ್ಳಿಯಲ್ಲಿ ಪೈಪು, ನಲ್ಲಿ ಮಾರುವ ರಾಜಣ್ಣ ಕರಪತ್ರವನ್ನು ಎರಡು ಸಲ ತಿರುಗಿಸಿ ನೋಡಿದರು.

“ನಿಮ್ಮ ಸರದಿ ಮುಗೀತಲ್ಲಮ್ಮ. ಇದು ಜನರಲ್ಲು. ನಿನ್ನ ಹಿಂದೆ ಯಾರವ್ರೆ?”

“ನನ್ನ ಹಿಂದೆ ಈ ಹುಡುಗಿ ಅವ್ಳೆ, ಪುಸ್ತಕ ಹಿಡ್ಕಂಡು,” ಎಂದರು ಜಯಕ್ಕ.

ರಾಜಣ್ಣ ನಗಲಿಲ್ಲ. “ನೀನ್ಯಾರ ಮಗಳವ್ವ?” ಎಂದು ನನ್ನನ್ನು ಕೇಳಿದರು. ಹೇಳಿದೆ. ಅವರ ಹುಬ್ಬು ಮೇಲೇರಿತು. ಆ ಮನೆಯ ಎರಡು ಓಟಿಗೆ ‘ಇಲ್ಲ’ ಎಂದೇ ಶಾಯಿಯಲ್ಲಿ ಬರೆದೆ.

ಮದ್ದೂರು ತಲುಪುವಾಗ ಬಿಸಿಲು ಏರಿತ್ತು. ನಿವೃತ್ತ ಮೇಷ್ಟ್ರು ನಂಜಪ್ಪನವರು ಜಗುಲಿಯಲ್ಲಿ ಕೂರಿಸಿದರು. ಒಳಗಿನಿಂದ ಅವರ ಹೆಂಡತಿ ಕಾಫಿ ತಂದರು. ನನಗೆ ಸ್ಟೀಲ್ ಲೋಟದಲ್ಲಿ, ಜಯಕ್ಕನಿಗೆ ಪೇಪರ್ ಲೋಟದಲ್ಲಿ.

“ನಮ್ಮನೆ ನಾಲ್ಕೂ ಓಟು ನಿಂಗೇ ಕಣಮ್ಮ,” ಎಂದರು ಮೇಷ್ಟ್ರು. ಇಷ್ಟು ಬೇಗ ಒಪ್ಪಿದವರನ್ನು ಹೇಗೆ ನಂಬುವುದು? ‘ನಂಜಪ್ಪ, ನಾಲ್ಕು, ಅನುಮಾನ’ ಎಂದು ಬರೆದೆ.

ಬೀದಿಗೆ ಬಂದ ಮೇಲೆ ಜಯಕ್ಕ ಕೇಳಿದರು, “ಕಾಫಿ ತಂದೋಳ ಮೊಕ ನೋಡಿದ್ಯಾ?”

“ಇಲ್ಲ. ಲೋಟ ನೋಡ್ದೆ.”

“ಲೋಟ ನಾನೂ ನೋಡ್ದೆ ಬುಡು. ನಾಲ್ಕು ಅಂದಾಗ ಅವಳು ಗಂಡನ್ನ ಹೆಂಗೆ ನೋಡಿದ್ಲು ಗೊತ್ತಾ? ನನ್ನ ಓಟು ಹಂಚೋಕೆ ನೀನ್ಯಾರು ಅಂತ.”

ಅಲ್ಲಿಂದ ಮಂಡ್ಯ ಸುಮಾರು ಇಪ್ಪತ್ತು ಕಿಲೋಮೀಟರ್. ಊಟಕ್ಕೆ ಮುದ್ದೆ, ಬಸ್ಸಾರು. ಆಮೇಲೆ ಊರಾಚೆಯ ಕೃಷಿ ಸಂಶೋಧನಾ ಕೇಂದ್ರ, ವಿ.ಸಿ. ಫಾರಂ ಕಡೆ ಹೋದೆವು. ಅಲ್ಲಿ ಕೂಲಿ ಮಾಡುವ ಸಿದ್ದಮ್ಮ ಜಯಕ್ಕನ ಬೀದಿಯವರೇ. ಅವರ ಮನೆಯ ಮೂರು ಓಟಿಗೂ ‘ಹೌದು’ ಎಂದು ಗುರುತು ಮಾಡಿದ್ದೆ.

“ಬಂದ್ಯಾ ತಾಯಿ? ಐದು ವರ್ಸ ಎಲ್ಲಿದ್ದೆ?” ಎಂದರು ಸಿದ್ದಮ್ಮ. “ನನ್ನ ಮನೆ ಅರ್ಜಿ ಏನಾಯ್ತು?”

“ಎರಡು ಸಲ ಕಳಿಸಿದ್ದೆ ಕಣಕ್ಕ. ಮೇಲಿಂದ ವಾಪಸ್ ಬಂತು.”

“ನನಗ್ಯಾಕೆ ಯೋಳ್ಲಿಲ್ಲ? ನಮ್ಮೋಳು, ಹೆಣ್ಣೆಂಗ್ಸು ಅಂತ ಓಟಾಕಿದ್ದೆ. ಅದೊಂದ್ಸಲ ಆಯ್ತು.”

ಜಯಕ್ಕ ವಾದಿಸಲಿಲ್ಲ. ಯೋಳ್ಬೇಕಿತ್ತು, ತಪ್ಪಾಯ್ತು ಎಂದಷ್ಟೇ ಅಂದರು. ನಾನು ಮೂರು ‘ಹೌದು’ ಅಳಿಸಿದೆ. ಅಂದು ಜಯಕ್ಕ ಮಾಡಿದ ಕೆಲಸದ ಬಗ್ಗೆ ಕೇಳಿದವರು ಸಿದ್ದಮ್ಮ ಒಬ್ಬರೇ.

ಹಿಂತಿರುಗುವ ಬಸ್ಸಿನಲ್ಲಿ ಜಯಕ್ಕ ಪುಸ್ತಕ ಇಸಿದುಕೊಂಡರು. ಊರಿನ ಮನೆಗಳ ಪುಟದಲ್ಲಿ ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಅದು ನಮ್ಮ ಮನೆ. ಅಪ್ಪನ ಹೆಸರು, ಮೂರು ಓಟು, ‘ಇಲ್ಲ’.

“ಮೂರು ಜನಾನೂ ಕೇಳಿ ಬರ್ದಾ?”

ಅಮ್ಮನನ್ನು ಕೇಳಿರಲಿಲ್ಲ. ನನ್ನನ್ನೂ ಕೇಳಿಕೊಂಡಿರಲಿಲ್ಲ.

“ನಿಮ್ಮಪ್ಪನೇ ನಿನ್ನ ಕಳಿಸವ್ರೆ, ಯಾರ್ಯಾರು ನನ್ನ ಕಡೆ ಅಂತ ತಿಳ್ಕಳೋಕೆ ಅಂದ್ಕಂಡಿದ್ದೆ ಕಣಮ್ಮ,” ಎಂದರು.

“ಹಂಗಿದ್ರೆ ಯಾಕೆ ಕರ್ಕೊಂಡ್ಬಂದ್ರಿ?”

“ನಿನ್ನ ಅಕ್ಸರ ಚೆನ್ನಾಗೈತೆ.”

ಆ ಸಾಲು ಹೊಡೆದುಹಾಕಿ ಮೂರು ಸಾಲು ಬರೆದೆ. ಅಪ್ಪ: ಇಲ್ಲ. ಅಮ್ಮ: ಕೇಳಬೇಕು. ಮೂರನೆಯದು ನನ್ನ ಹೆಸರು. ಅದರ ಮುಂದೆ ಬರೆಯುವಾಗ ಜಯಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದರು.

ಊರು ಬಂದಾಗ ಇನ್ನೂ ಬೆಳಕಿತ್ತು. ಟೀ ಅಂಗಡಿ ಮುಂದೆ ಅಪ್ಪ ನಾಲ್ಕು ಜನರ ನಡುವೆ ಕುಳಿತಿದ್ದರು.

“ನೀನು ಮುಂದಿನ ಸ್ಟಾಪಲ್ಲಿ ಇಳ್ಕೋ. ಸುಮ್ನೆ ಮಾತ್ಯಾಕೆ,” ಎಂದರು ಜಯಕ್ಕ.

ನಾನು ಕರಪತ್ರದ ಚೀಲ ಅವರ ಕೈಯಿಂದ ತೆಗೆದುಕೊಂಡು ಮೊದಲು ಇಳಿದೆ. ಅಪ್ಪ ನನ್ನನ್ನು, ಚೀಲವನ್ನು, ಹಿಂದೆ ಇಳಿಯುತ್ತಿದ್ದ ಜಯಕ್ಕನನ್ನು ನೋಡಿ ಟೀ ಲೋಟ ಕೆಳಗಿಟ್ಟರು. ನಾನು ಒಂದು ಕರಪತ್ರ ಹೊರತೆಗೆದು ಅವರ ಕಡೆ ನಡೆದೆ.