ಬಳೆ ತೆಗೆಸದ ಬಾಯಾರು

ಬೆಳಗಿನ ಐದು ಗಂಟೆ. ರಾಯಚೂರಿನ ಹೆಣ್ಣುಮಕ್ಕಳ ದವಾಖಾನೆಯ ಹಿಂದಿನ ಅಂಗಳದಲ್ಲಿ ಅಕ್ಬರಿ ಬೇಗಂ ಒಲೆಗೆ ಹತ್ತಿಕಟ್ಟಿಗೆ ತುರುಕುತ್ತಿದ್ದಾರೆ. ಒಲೆಯ ಮೇಲೆ ತಾಮ್ರದ ಹಂಡೆ. ಗೋಡೆಗೆ ಒರಗಿ ಎಂಟು ಹೆಂಗಸರು ಕುಳಿತಿದ್ದಾರೆ. ಎಲ್ಲರೂ ಮಾನ್ವಿ, ದೇವದುರ್ಗದ ಕಡೆಯ ಹಳ್ಳಿಗಳ ಸೂಲಗಿತ್ತಿಯರು. ಮೂರು ತಿಂಗಳಿಂದ ಇಲ್ಲಿ ಕಲಿಯುತ್ತಿದ್ದಾರೆ; ಕಲಿಸುವ ನರ್ಸ್ ಅಕ್ಬರಿ ಬೇಗಂ ಅವರನ್ನು ಬಾಯಾರು ಎಂದು ಕರೆಯುತ್ತಾರೆ. ಇಂದು ಹತ್ತು ಗಂಟೆಗೆ ಅವರ ಪರೀಕ್ಷೆ.

ನೀರು ಕುದಿ ಬಂದ ಮೇಲೆ ಅಕ್ಬರಿ ಬೇಗಂ ಕೇಳುತ್ತಾರೆ: "ಯಮನಮ್ಮಾ, ಹೋದ ಹುಣ್ಣಿವಿಗೆ ಮಾನ್ವ್ಯಾಗ ಹಡಿಯಾಕಿ ಮನಿಗೆ ಹೋಗಿದ್ದೆಲ್ಲ, ಹೊಸ್ತಿಲಾ ದಾಟಿ ಮೊದಲ ಏನ ಮಾಡಿದಿ?"

ಕಟ್ಟಿಗೆ ಸಿಡಿಯುವ ಸದ್ದಷ್ಟೇ ಕೇಳುತ್ತದೆ. ಬಾಯಾರು ಪ್ರಶ್ನೆಯನ್ನು ಮತ್ತೆ ಹೇಳುವುದಿಲ್ಲ, ಬೇರೆಯವರ ಕಡೆ ತಿರುಗುವುದೂ ಇಲ್ಲ. ಬಹಳ ಹೊತ್ತಿನ ಮೇಲೆ ಯಮನಮ್ಮ ಹೇಳುತ್ತಾಳೆ: "ಮೊದಲ ಚಾ ಕುಡದೆ ಬಾಯಾರ."

ಎಲ್ಲರೂ ನಗುತ್ತಾರೆ. ಬಾಯಾರೂ ನಗುತ್ತಾರೆ. "ಖರೇ ಹೇಳಿದಿ. ಚಾ ಕುಡದ ಮ್ಯಾಲೆ?"

ಅಲ್ಲಿಂದ ಪಾಠ ಶುರುವಾಗುತ್ತದೆ.

ಅಕ್ಬರಿ ಬೇಗಂ ಅವರಿಗೆ ನಲವತ್ತೆರಡು ವರ್ಷ. ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ಗಂಡ ತೀರಿಕೊಂಡ ಮೇಲೆ ಹೈದರಾಬಾದಿಗೆ ಹೋಗಿ ನರ್ಸಿನ ಕೆಲಸ ಕಲಿತು ಬಂದರು. ಕಲಿಸುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಡಲಿಲ್ಲ. ಮೂರು ವರ್ಷದ ಹಿಂದೆ ದವಾಖಾನೆಯವರು ಒಂದು ಉರ್ದು ಪುಸ್ತಕವನ್ನೂ ಹಾಜರಿ ಪಟ್ಟಿಯನ್ನೂ ಕೈಗೆ ಕೊಟ್ಟು, ನಾಳೆಯಿಂದ ತರಗತಿ ನಡೆಸಿರಿ ಎಂದರು. ಕಲಿಯಲು ಬಂದವರಿಗೆ ಉರ್ದು ಇರಲಿ, ಯಾವ ಅಕ್ಷರವೂ ಬರುತ್ತಿರಲಿಲ್ಲ.

"ಸವಾಲ್ ನಾನ ಕೇಳ್ತಿದ್ದೆ, ಜವಾಬ್ ನಾನ ಹೇಳ್ತಿದ್ದೆ. ಅವ್ರು ಹೂಂ ಅಂತಿದ್ರು. ಕಲತಾರ ಅಂತ ತಿಳಕೊಂಡಿದ್ದೆ," ಎನ್ನುತ್ತಾರೆ. "ಈಗ ಕೇಳಿ ಸುಮ್ಮನ ಕೂಡ್ತೀನ್ರಿ. ಮನಸನ್ಯಾಗ ಇಪ್ಪತ್ತರ ತನಕ ಎಣಸ್ತೀನಿ. ಹದಿನೈದು ದಾಟಿದ ಮ್ಯಾಲೆ ಯಾರರೆ ಒಬ್ಬಾಕಿ ಬಾಯಿ ಬಿಡ್ತಾಳ."

ಇದು ಅವರ ಏಳನೆಯ ತಂಡ. ದಿನಕ್ಕೆ ಹನ್ನೆರಡು ಕೊಡ ನೀರು ಕಾಯಿಸಬೇಕು. ಎರಡನೆಯ ಮಹಾಯುದ್ಧ ಮುಗಿದು ವರ್ಷವಾದರೂ ಸಾಬೂನು ಸಲೀಸಾಗಿ ಸಿಗುವುದಿಲ್ಲ. ಒಂದು ತುಂಡು ಎಂಟು ಜನಕ್ಕೆ ನಾಲ್ಕು ದಿನ ಬರಬೇಕು. ಎಂಟು ಗಂಟೆಗೆ ವಾರ್ಡಿನ ಕೆಲಸ ಶುರುವಾಗುವುದರಿಂದ ಪಾಠಕ್ಕೆ ಈ ನಸುಕೇ ಗತಿ. ಕಳೆದ ಸಲ ತೇರ್ಗಡೆಯಾದವರು ಮೂವರು ಮಾತ್ರ. ಈ ಸಲ ಐದು ಮಂದಿಯಾದರೂ ಆಗದಿದ್ದರೆ ತರಗತಿ ಮುಚ್ಚುವುದೆಂದು ಮೇಲಿನಿಂದ ಕಾಗದ ಬಂದಿದೆ.

ಹಿಂದಿನವರು ಬಿದ್ದದ್ದು ಒಂದೇ ಪ್ರಶ್ನೆಗೆ. ಹೆರಿಗೆಗೆ ಮೊದಲು ಬಳೆ ತೆಗೆದು ಮೊಣಕೈವರೆಗೆ ತೊಳೆಯಬೇಕು ಎಂದು ಪುಸ್ತಕ ಹೇಳುತ್ತದೆ. ಮೊದಲ ತಂಡಕ್ಕೆ ಅಕ್ಬರಿ ಬೇಗಂ ಎರಡನೆಯ ದಿನವೇ ಹಾಗೆ ಹೇಳಿದ್ದರು. ಒಬ್ಬಾಕೆ ಎದ್ದು ನಿಂತು, "ನಿಮ್ಮ ಕೈಯಂತೂ ಬರಿದಾಗ್ಯಾವ, ನಮ್ಮವೂ ಬರಿದು ಮಾಡ್ಬೇಕಂತೀರೇನು?" ಎಂದಳು. ಮರುದಿನ ಒಂಬತ್ತರಲ್ಲಿ ಇಬ್ಬರು ಬಂದರು. ಆಮೇಲಿನ ತಂಡಗಳಲ್ಲಿ ಅವರು ಬಳೆಯ ಮಾತನ್ನೇ ಎತ್ತಲಿಲ್ಲ.

"ಅದು ನನ್ನ ತಪ್ಪರೀ," ಎನ್ನುತ್ತಾರೆ. "ಅಂಜಿ ಬಿಟ್ಟ ಪಾಠ."

ಈ ತಂಡಕ್ಕೆ ಅವರು ಬಳೆಯ ಬಗ್ಗೆ ಹೇಳಲಿಲ್ಲ, ಕೂಸುಗಳ ಬಗ್ಗೆ ಕೇಳಿದರು. ಹುಟ್ಟಿ ಎಂಟು ದಿನಕ್ಕೆ ಬಾಯಿ ಕಚ್ಚಿಕೊಂಡು, ಬಿಲ್ಲಿನಂತೆ ಬಾಗಿ ಸಾಯುವ ಕೂಸುಗಳನ್ನು ಎಷ್ಟು ಮಂದಿ ಕಂಡಿದ್ದೀರಿ? ಎಂಟು ಮಂದಿಯೂ ಕಂಡಿದ್ದರು. ಹೊಕ್ಕುಳಕ್ಕೆ ಹೊಲಸು ತಾಗಿದರೆ ಹಾಗಾಗುತ್ತದೆ. ಆ ಹೊಲಸು ಎಲ್ಲಿಂದ ಬಂತು? ಅಂದಿನ ಮೌನ ಇಪ್ಪತ್ತಕ್ಕೆ ಮುಗಿಯಲಿಲ್ಲ. ದೇವದುರ್ಗದ ಕಡೆಯ ಗದ್ದೆಮ್ಮ ತನ್ನ ಮುಂಗೈಯನ್ನೇ ನೋಡುತ್ತ ಕುಳಿತಿದ್ದಳು. ಕಡೆಗೆ, "ಬಳಿ ಕೆಳಗ ಹೊಲದ ಮಣ್ಣದ ಬಾಯಾರ," ಎಂದಳು. ಎದ್ದು ಹೋಗಿ ಒಂದೊಂದೇ ಬಳೆಯನ್ನು ಸಾಬೂನಿನ ನೊರೆಯಲ್ಲಿ ಹತ್ತು ಸುತ್ತು ತಿರುಗಿಸಿ, ಮೇಲೆ ಸರಿಸಿ, ಕೆಳಗೆ ತಿಕ್ಕಿದಳು. ಒಂದು ಕೈಗೆ ಹನ್ನೊಂದು ಬಳೆ. ಮರುದಿನದಿಂದ ಎಲ್ಲರೂ ಹಾಗೆಯೇ ತೊಳೆದರು. ಅದನ್ನು ಪುಸ್ತಕ ಒಪ್ಪುವುದಿಲ್ಲವೆಂದು ಬಾಯಾರಿಗೆ ಗೊತ್ತಿತ್ತು.

ಹತ್ತು ಗಂಟೆ. ಹೊರ ಜಿಲ್ಲೆಯಿಂದ ಬಂದ ಪರೀಕ್ಷಕ ಡಾಕ್ಟರು ಕುರ್ಚಿಯಲ್ಲಿ ಕುಳಿತಿದ್ದಾರೆ. ಅವರ ಉರ್ದುವನ್ನು ಕಾಂಪೌಂಡರ್ ಮೆಹಬೂಬ್ ಪಾಷಾ ಕನ್ನಡಕ್ಕೆ ತಿರುಗಿಸುತ್ತಾರೆ. ಕಲಿಸಿದವರು ಬಾಯಿ ತೆರೆಯಬಾರದು ಎಂಬುದು ನಿಯಮ. ಅಕ್ಬರಿ ಬೇಗಂ ಬಾಗಿಲ ಬಳಿ ನಿಂತಿದ್ದಾರೆ.

ಮೊದಲು ಗದ್ದೆಮ್ಮನ ಸರದಿ. ಆಕೆ ಕೈ ತೊಳೆಯಲು ತೊಡಗುತ್ತಿದ್ದಂತೆ ಡಾಕ್ಟರು ತಡೆಯುತ್ತಾರೆ.

"ಬಳಿ ತಗೀಬೇಕಂತ," ಎನ್ನುತ್ತಾರೆ ಪಾಷಾ.

ಗದ್ದೆಮ್ಮ ಬಾಯಾರ ಕಡೆ ನೋಡುತ್ತಾಳೆ. ಬಾಯಾರು ನೆಲ ನೋಡುತ್ತಾರೆ. ಡಾಕ್ಟರ ಪೆನ್ನು ಕಾಗದದ ಮೇಲೆ ಇಳಿಯುವಷ್ಟರಲ್ಲಿ ಗದ್ದೆಮ್ಮ ಹೇಳುತ್ತಾಳೆ: "ಸಾಹೇಬ್ರ, ತಡೀರಿ. ನಾ ತೊಳಕೊಂತೀನಿ. ಬಿಳಿ ಅರಿವಿ ತಗೊಂಡು ಬಳಿ ಕೆಳಗ ನೀವ ಒರಸಿ ನೋಡ್ರಿ. ಹೊಲಸು ಕಂಡ್ರ ಇಲ್ಲೇ ಕಲ್ಲಿಗೆ ಬಡದು ಒಡಕೋತೀನಿ."

"ಏ, ಬಿಡ್ತು ಅನ್ನ ಬೇ!" ಯಮನಮ್ಮ ಕೂಗುತ್ತಾಳೆ. "ಗಂಡ ಗಟ್ಟಿಮುಟ್ಟಾಗಿ ಮನ್ಯಾಗ ಕುಂತಾನ!"

"ಕುಂತಿರ್ಲಿ. ಎದ್ದು ಏನ ಮಾಡ್ತಾನ?" ಎನ್ನುತ್ತಾಳೆ ಗದ್ದೆಮ್ಮ, ತೊಳೆಯುವುದನ್ನು ನಿಲ್ಲಿಸದೆ.

ಪಾಷಾ ಕೊನೆಯ ಎರಡು ಮಾತನ್ನು ಉರ್ದುವಿಗೆ ತಿರುಗಿಸುವುದಿಲ್ಲ. ಇಪ್ಪತ್ತೆರಡು ಬಳೆ ತೊಳೆಯುವವರೆಗೆ ಕೋಣೆಯಲ್ಲಿ ನೀರಿನ ಸದ್ದು, ಗಾಜಿನ ಸದ್ದು. ಡಾಕ್ಟರು ಎದ್ದು ಬಂದು, ಸ್ಪಿರಿಟಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಪ್ರತಿ ಬಳೆಯ ಕೆಳಗೂ ಒರೆಸುತ್ತಾರೆ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಮಡಿಚಿ ಮತ್ತೆ ಒರೆಸುತ್ತಾರೆ. ಕುರ್ಚಿಗೆ ಮರಳಿ ಬರೆಯುತ್ತಾರೆ.

ಸಂಜೆ ಪಟ್ಟಿ ಬರುತ್ತದೆ. ಗದ್ದೆಮ್ಮನೂ ಸೇರಿ ಆರು ಮಂದಿ ತೇರ್ಗಡೆ. ತರಗತಿ ಇನ್ನೊಂದು ವರ್ಷ ನಡೆಯಬಹುದು. ಕೆಳಗೆ ಒಂದು ಷರಾ ಇದೆ: ಬಳೆ ತೆಗೆಸದೆ ಕಲಿಸಿದ್ದು ನಿಯಮಕ್ಕೆ ಹೊಂದುವುದಿಲ್ಲ, ಆದರೆ ಕೈ ಶುಚಿಯಾಗಿತ್ತು.

ಅಕ್ಬರಿ ಬೇಗಂ ಅದನ್ನು ಎರಡು ಸಲ ಓದಿ ಮಡಿಚಿಡುತ್ತಾರೆ. ಷರಾಕ್ಕೆ ಏನು ಉತ್ತರ ಬರೆಯುತ್ತೀರಿ ಎಂದರೆ ತಲೆಯಾಡಿಸುತ್ತಾರೆ.

"ಅದಕ್ಕೇನ ಬರಿಯಂಗಿಲ್ರೀ. ಬ್ಯಾರೆ ಅರ್ಜಿ ಬರೀತೀನಿ. ಬರೋ ತಂಡಕ್ಕ ಈ ಪಾಠ ಗದ್ದೆಮ್ಮ ಹೇಳ್ಬೇಕು. ಹಾಜರಿ ಪಟ್ಟ್ಯಾಗ ಆಕಿ ಹೆಸರು ಕಲಿಯೋರ ಕಡಿ ಅಲ್ಲ, ಕಲಿಸೋರ ಕಡಿ ಬರೀಬೇಕು."

ಬುತ್ತಿಗಂಟು ಕಟ್ಟುತ್ತಿದ್ದ ಗದ್ದೆಮ್ಮ ತಿರುಗಿ ನೋಡುತ್ತಾಳೆ. "ನನಗ ಸಹಿ ಮಾಡಾಕ ಬರಂಗಿಲ್ಲಲ್ರೀ ಬಾಯಾರ. ಹೆಬ್ಬಟ್ಟು ನನ್ದು."

"ಒತ್ತು," ಎನ್ನುತ್ತಾರೆ ಅಕ್ಬರಿ ಬೇಗಂ. "ತೊಳದ ಹೆಬ್ಬಟ್ಟು ಅದ."