ಇನ್ನೇನು ನುಂಗ್ತಿದ್ದೀಯಪ್ಪ?

ಬೆಳಗ್ಗೆ ಹತ್ತೂಕಾಲಿಗೆ ಅಣ್ಣನ ಕೈಯಿಂದ ಕಾಫಿ ಲೋಟ ಜಾರಿತು. ಮಾತು ತೊದಲುತ್ತಿತ್ತು, ನಡೆದರೆ ಓಲಾಡುತ್ತಿದ್ದ.

"ಬೆಳಗ್ಗೇನೇ ಹಾಕ್ಕಂಡಿದ್ದೀಯೇನ್ಲಾ?" ಎಂದು ಚಿಕ್ಕಪ್ಪ ನಕ್ಕರು.

ಮನಸ್ಸಿನ ಕಾಯಿಲೆ ಮರುಕಳಿಸಿತೆಂದು ನಾನು ಅವನಿಗೆ ಕೊಡಲು ಲಿಥಿಯಂ ಮಾತ್ರೆಯೊಂದನ್ನು ಪಟ್ಟಿಯಿಂದ ಬಿಡಿಸಿಕೊಂಡೆ. ಕೊಡುವ ಮುಂಚೆ ತುರುವೇಕೆರೆ ಆಸ್ಪತ್ರೆಯ ಸಿಸ್ಟರ್‌ಗೆ ಫೋನ್ ಮಾಡಿದೆ.

ಪ್ರತಿ ತಿಂಗಳೂ ಅವರು ಅಣ್ಣನ ಚಾಚಿದ ಕೈಗಳ ಮೇಲೆ ಒಂದು ಹಾಳೆ ಇಟ್ಟು, ಅದು ನಡುಗುತ್ತದೆಯೇ ಎಂದು ಬಗ್ಗಿ ನೋಡುತ್ತಿದ್ದರು. ಆಮೇಲೆ, "ಇದ್ರ ಜೊತೆ ಇನ್ನೇನು ನುಂಗ್ತಿದ್ದೀಯಪ್ಪ?" ಎನ್ನುತ್ತಿದ್ದರು. ಅಂದೂ ನನ್ನನ್ನು ಅದನ್ನೇ ಕೇಳಿದರು.

ಪಕ್ಕದಲ್ಲಿದ್ದ ಅಮ್ಮ, "ಕಾಯಿ ಸುಲ್ದು ಸೊಂಟ ನೋವು ಅಂತ ಐದು ದಿನದಿಂದ ಅಂಗಡಿ ಮಾತ್ರೆ ನುಂಗ್ತಾವ್ನೆ ಕಣ್ರೀ" ಎಂದಳು.

"ಎರಡೂ ಕೊಡಬೇಡಿ. ಆ ನೋವಿನ ಮಾತ್ರೆಯಿಂದ ಲಿಥಿಯಂ ಮೈಯಲ್ಲೇ ಉಳ್ಕೊಂಡು ವಿಷ ಆಗಿರಬೋದು. ಈಗ್ಲೇ ಕರ್ಕೊಂಡ್ ಬನ್ನಿ, ಡಾಕ್ಟ್ರು ರಕ್ತ ನೋಡ್ಲಿ."

ರಕ್ತದಲ್ಲಿ ಲಿಥಿಯಂ ಮಿತಿಮೀರಿತ್ತು. ಆ ಮಾತ್ರೆ ಕೊಟ್ಟುಬಿಟ್ಟಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ನೆನೆಯುತ್ತೇನೆ.

ಸಿಸ್ಟರ್‌ಗೆ ವರ್ಗವಾಗಿ ಎರಡು ವರ್ಷ. ಆಸ್ಪತ್ರೆಗೆ ಹೋದಾಗಲೆಲ್ಲ ಆ ದನಿಗಾಗಿ ಕಿವಿ ಕಾಯುತ್ತದೆ. ಆ ಸಲ ಅಣ್ಣ ಚೇತರಿಸಿಕೊಂಡು ಮನೆಗೆ ಬಂದ ಸಂಜೆ ಅವರೇ ಫೋನ್ ಮಾಡಿದ್ದರು.

"ಅವ್ನು ಹುಷಾರಾದ. ಇನ್ನು ನೀನು ಮಲ್ಕೊಳಮ್ಮ."

ಅಂದು ಬೆಳಕು ಹರಿಯುವವರೆಗೂ ನನಗೆ ಎಚ್ಚರವಾಗಲಿಲ್ಲ.