ಹೆಸರಿಲ್ಲದ ಹಾಜರಿ ಪುಸ್ತಕ

ಆ ಭಾನುವಾರ ಮಧ್ಯಾಹ್ನ ಕೋಣೆಯಲ್ಲಿ ಐದು ಮಂದಿ ಇದ್ದೆವು. ಉಡುಪಿಯ ಸೈಕಲ್ ರಿಪೇರಿ ಅಂಗಡಿಯೊಂದರ ಮಾಳಿಗೆ ಅದು. ನಮ್ಮ ಬ್ಯಾಂಡ್ ವಾದಕರ ಕಾರ್ಮಿಕ ಸಂಘದ ಕಚೇರಿ ಎಂದರೂ ಅದೇ, ಅಭ್ಯಾಸದ ಜಾಗ ಎಂದರೂ ಅದೇ. ಕಿಟಕಿಯ ಪಕ್ಕದ ಒಂದೇ ಒಂದು ಕುರ್ಚಿಯಲ್ಲಿ ಅಧ್ಯಕ್ಷರು. ಕಾಪುವಿನವರು, ಎಪ್ಪತ್ತರ ಹತ್ತಿರದ ಪ್ರಾಯ, ದೊಡ್ಡ ಡ್ರಮ್ ಬಾರಿಸುವವರು. ಎಲ್ಲರಿಗೂ ಅವರು ಮಾಸ್ಟ್ರು. ಬೆಂಚಿನ ಒಂದು ತುದಿಯಲ್ಲಿ ತುತ್ತೂರಿಯಂಥ ಕಾರ್ನೆಟ್ ಊದುವ ಶಿರ್ವದವರು. ನಮ್ಮ ಕಡೆ ಕ್ರೈಸ್ತ ಹಿರಿಯರನ್ನು ಮರ್ಯಾದೆಯಿಂದ ಪರ್ಬುಗಳು ಎನ್ನುವುದರಿಂದ ಅವರು ನಮಗೆಲ್ಲ ಪರ್ಬುಗಳು. ಇನ್ನೊಂದು ತುದಿಯಲ್ಲಿ ಕಾರ್ಕಳದ ಯುವಕ. ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಅಪ್ಪಿ ಊದುವ ದೊಡ್ಡ ಹಿತ್ತಾಳೆ ವಾದ್ಯವಿದೆಯಲ್ಲ, ಯುಫೋನಿಯಂ, ಅದು ಅವನ ಪಾಲಿನದು. ಅವನ ಪಕ್ಕದಲ್ಲಿ ಅವನ ತಾಯಿ. ಹೆಂಗಸೊಬ್ಬರು ಆ ಮೆಟ್ಟಿಲು ಹತ್ತಿ ಬಂದದ್ದು ಅಂದೇ ಮೊದಲು. ಐದನೆಯವನು ನಾನು. ವಾರವಿಡೀ ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸ, ಮದುವೆ ಹಬ್ಬಗಳಿಗೆ ಕ್ಲಾರಿನೆಟ್, ಸಂಘಕ್ಕೆ ಕಾರ್ಯದರ್ಶಿ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಯುವಕನ ಕೈಯಲ್ಲಿ ಮಂಗಳೂರಿನಿಂದ ಬಂದ ಒಂದು ಕಾಗದ. ಪೊಲೀಸ್ ಬ್ಯಾಂಡಿನಲ್ಲಿ ಒಂದು ಜಾಗ ಖಾಲಿ ಇತ್ತು, ಅವನನ್ನು ಸಂದರ್ಶನಕ್ಕೆ ಕರೆದಿದ್ದರು. ಶಾಲೆಯ ಪ್ರಮಾಣಪತ್ರದ ಜೊತೆಗೆ, ಯಾವುದಾದರೂ ಬ್ಯಾಂಡಿನಲ್ಲಿ ಕನಿಷ್ಠ ಮೂರು ವರ್ಷ ನುಡಿಸಿದ್ದಕ್ಕೆ ಹಾಜರಿಯ ದಾಖಲೆ ತರಬೇಕು, ಶಿಫಾರಸು ಪತ್ರ ಸಾಲದು ಎಂದು ಬರೆದಿತ್ತು. ಸಂದರ್ಶನಕ್ಕೆ ಹನ್ನೊಂದು ದಿನ ಬಾಕಿ. ಮುಂದಿನ ವರ್ಷಕ್ಕೆ ಅವನ ವಯಸ್ಸು ಮೀರುತ್ತದೆ. ಸರಕಾರಿ ಕೆಲಸ ಸಿಗುವುದಾದರೆ ಅವನಿಗೆ ಇದೊಂದೇ ದಾರಿ.

ದಾಖಲೆ ತಾನೇ, ಅದು ನನ್ನ ಇಲಾಖೆ ಎಂದು ನಾನು ಎದ್ದು ಕಪಾಟು ತೆರೆದೆ. ಆ ಕಪಾಟಿನ ಮೇಲೆ ನನಗೆ ಬಹಳ ಅಭಿಮಾನ. ಸಂಘ ಹುಟ್ಟಿದ ದಿನದಿಂದ ಒಂದು ಕಾರ್ಯಕ್ರಮವನ್ನೂ ಬಿಡದೆ ಬರೆದ ಒಂಬತ್ತು ಹಾಜರಿ ಪುಸ್ತಕಗಳು ಅಲ್ಲಿದ್ದವು. ಮೊದಲ ಎರಡು ಮಾಸ್ಟ್ರು ಬರೆದದ್ದು, ಉಳಿದವು ನನ್ನ ಅಕ್ಷರ. ದಿನಾಂಕ, ಊರು, ಮದುವೆಯೋ ಹಬ್ಬವೋ ಅಭ್ಯಾಸವೋ, ಬಂದ ವಾದ್ಯಗಳು, ಬಾರದ ವಾದ್ಯ ಮತ್ತು ಕಾರಣ. ಇಂಥ ಶಿಸ್ತು ಇಡೀ ಜಿಲ್ಲೆಯಲ್ಲಿ ಇನ್ನೊಂದು ಸಂಘಕ್ಕೆ ಇರಲಿಲ್ಲ ಎಂದು ಈಗಲೂ ಹೇಳುತ್ತೇನೆ.

ಆರನೆಯ ಪುಸ್ತಕ ತೆಗೆದು, ಧೂಳು ಹೊಡೆದು, ಗಟ್ಟಿಯಾಗಿ ಓದಿದೆ: "ಪಡುಬಿದ್ರಿ, ಮದುವೆ. ಬಂದವರು: ಕಾರ್ನೆಟ್, ಕ್ಲಾರಿನೆಟ್, ಯುಫೋನಿಯಂ, ಚಿಕ್ಕ ಡ್ರಮ್, ದೊಡ್ಡ ಡ್ರಮ್."

"ಅದರಲ್ಲಿ ನನ್ನ ಮಗ ಎಲ್ಲಿದ್ದಾನೆ?" ಎಂದು ತಾಯಿ ಕೇಳಿದರು.

"ಯುಫೋನಿಯಂ ಅಂತ ಉಂಟಲ್ಲ ಅಕ್ಕ, ಅದೇ."

"ಹೆಸರು?"

ನಾನು ಮಾಸ್ಟ್ರ ಮುಖ ನೋಡಿದೆ. ಮಾಸ್ಟ್ರು ಕಿಟಕಿಯ ಹೊರಗೆ ನೋಡಿದರು.

ಹೆಸರು ಇರಲಿಲ್ಲ. ಒಂಬತ್ತು ಪುಸ್ತಕಗಳಲ್ಲಿ ಎಲ್ಲಿಯೂ ಒಬ್ಬರ ಹೆಸರೂ ಇರಲಿಲ್ಲ. ಅದು ಮರೆತು ಆದ ತಪ್ಪಲ್ಲ, ಮಾಸ್ಟ್ರು ಮೊದಲ ದಿನವೇ ಮಾಡಿದ ನಿಯಮ. ಅವರು ಸಂಘ ಕಟ್ಟುವಾಗ ಒಬ್ಬೊಬ್ಬರದೂ ಒಂದೊಂದು ಗುಂಪು. ಇಗರ್ಜಿಯ, ಅಂದರೆ ಚರ್ಚಿನ, ಬ್ಯಾಂಡಿನವರು ಬೇರೆ, ದೇವಸ್ಥಾನದ ಉತ್ಸವಕ್ಕೆ ಹೋಗುವವರು ಬೇರೆ. ಅವರವರಲ್ಲೇ ಮತ್ತೆ ಜಾತಿಯ ಲೆಕ್ಕಾಚಾರ. ಮೊದಲ ಸಭೆಯಲ್ಲಿ ಹೆಸರು ಬರೆಯಲು ಕುಳಿತಾಗ ಯಾರೋ ಹಿಂದಿನಿಂದ ಇಣುಕಿ, ನಿಮ್ಮವರು ಎಷ್ಟು, ನಮ್ಮವರು ಎಷ್ಟು ಎಂದು ಎಣಿಸತೊಡಗಿದರಂತೆ. ಮಾಸ್ಟ್ರು ಆ ಹಾಳೆಯನ್ನು ಅಲ್ಲೇ ಹರಿದು, ಇನ್ನು ಈ ಪುಸ್ತಕದಲ್ಲಿ ಮನುಷ್ಯರು ಬೇಡ, ವಾದ್ಯ ಮಾತ್ರ ಸಾಕು ಎಂದರು. ಅಂದಿನಿಂದ ನಾವು ಒಬ್ಬರನ್ನೊಬ್ಬರು ಕರೆದುಕೊಂಡದ್ದೂ ವಾದ್ಯದ ಹೆಸರಿನಿಂದಲೇ. ನನ್ನ ಮದುವೆಯ ಕರೆಯೋಲೆಯ ಮೇಲೆ ನನ್ನ ಹೆಸರು ನೋಡಿ, ಇದು ಯಾರದ್ದು ಎಂದು ಜಾಲ್ರಾ ಬಾರಿಸುವವರು ಕೇಳಿದ್ದರು. ಈ ಬರಹದಲ್ಲೂ ನಾನು ಯಾರ ಹೆಸರನ್ನೂ ಬರೆಯುತ್ತಿಲ್ಲ. ರೂಢಿ ಬಿಡುವುದು ಕಷ್ಟ.

ಸಂಘವನ್ನು ರಿಜಿಸ್ಟರ್ ಮಾಡಿಸುವಾಗ ಸರಕಾರಿ ಕಚೇರಿಗೆ ಕೊಟ್ಟ ಪಟ್ಟಿಯಲ್ಲಿ ಏಳು ಸ್ಥಾಪಕರ ಹೆಸರಿತ್ತು, ನಿಜ. ಆದರೆ ಈ ಯುವಕ ಆಗ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ.

ತಾಯಿ ಸೆರಗಿನ ಗಂಟು ಬಿಚ್ಚಿ ಒಂದು ಪುಟ್ಟ ಪುಸ್ತಕ ತೆಗೆದು ಬೆಂಚಿನ ಮೇಲೆ ಇಟ್ಟರು. "ನಾನು ಬೀಡಿ ಕಟ್ಟುವವಳು ಮಾಸ್ಟ್ರೆ. ಇದು ನನ್ನ ಪಾಸ್‌ಬುಕ್. ನೋಡಿ, ನನ್ನ ಹೆಸರು ಉಂಟು, ಗಂಡನ ಹೆಸರು ಉಂಟು, ಊರು ಉಂಟು. ಎಲೆ ತಂದದ್ದು ಯಾವಾಗ, ಕಟ್ಟಿ ಕೊಟ್ಟದ್ದು ಯಾವಾಗ, ಎಲ್ಲ ಉಂಟು. ನೀವು ದೊಡ್ಡ ದೊಡ್ಡ ಮನೆಯ ಮದುವೆಗೆ ಕೋಟು ಹಾಕಿ ಹೋಗುವವರು. ಒಂಬತ್ತು ಪುಸ್ತಕ ಇಟ್ಟು ನನ್ನ ಮಗನ ಹೆಸರು ಒಂದು ಬರೆಯಲಿಕ್ಕೆ ಆಗಲಿಲ್ಲವಾ?"

ಮಗ, "ಅಮ್ಮ, ಸಾಕು," ಎಂದ.

"ಸಾಕು ಎಂತದು? ನಾನು ಹೇಳಿದ್ದು ಸುಳ್ಳಾ?"

ಪರ್ಬುಗಳು ಗಂಟಲು ಸರಿಪಡಿಸಿಕೊಂಡರು. "ಸೆಕ್ರೆಟ್ರಿಗಳೇ, ಒಂದು ಮಾತು. ಯುಫೋನಿಯಂ ಅಂತ ಬರೆದ ಕಡೆ ಪಕ್ಕದಲ್ಲಿ ಸಣ್ಣಕ್ಕೆ ಹುಡುಗನ ಹೆಸರು ಸೇರಿಸಿದರೆ ಎಂತ? ಅಕ್ಷರ ನಿಮ್ಮದೇ, ಪುಸ್ತಕ ನಮ್ಮದೇ. ದೇವರಾಣೆ, ನಾವು ಸುಳ್ಳು ಬರೆಯುವುದಲ್ಲವಲ್ಲ."

"ಶಾಯಿ ನಮ್ಮ ಮಾತು ಕೇಳುವುದಿಲ್ಲ ಪರ್ಬುಗಳೇ," ಎಂದೆ. "ಐದು ವರ್ಷದ ಹಳೆಯ ಶಾಯಿಯ ಪಕ್ಕದಲ್ಲಿ ನಿನ್ನೆಯ ಶಾಯಿ ನಾಲ್ಕು ಮಾರು ದೂರದಿಂದ ಕಾಣುತ್ತದೆ. ನೋಡುವವರು ಪೊಲೀಸರು, ನೆನಪಿರಲಿ. ಹುಡುಗನಿಗೆ ಕೆಲಸ ಸಿಗುವುದು ಹಾಗಿರಲಿ, ನಾವೆಲ್ಲ ಅಲ್ಲೇ ಉಳಿಯಬೇಕಾದೀತು."

"ಪುಸ್ತಕ ಮುಟ್ಟಬೇಡಿ," ಎಂದರು ಮಾಸ್ಟ್ರು. ಆ ಮಧ್ಯಾಹ್ನ ಅವರು ಬಾಯಿ ತೆರೆದದ್ದು ಆಗಲೇ. "ಹೆಸರು ಬೇಡ ಅಂದವನು ನಾನು. ತಪ್ಪು ಅಂತಾದರೆ ನನ್ನದು. ಅಕ್ಕ, ಬೈಯುವುದಾದರೆ ನನಗೆ ಬೈಯಿರಿ."

ತಾಯಿ ಬೈಯಲಿಲ್ಲ. ಪಾಸ್‌ಬುಕ್ ತೆಗೆದು ಮತ್ತೆ ಸೆರಗಿಗೆ ಕಟ್ಟಿಕೊಂಡರು. ಬೈದಿದ್ದರೆ ಒಳ್ಳೆಯದಿತ್ತು.

ಇನ್ನೂ ಒಂದು ತೊಡಕು ಇತ್ತು. ಈ ಯುವಕನಿಗಿಂತ ಮೊದಲು ಯುಫೋನಿಯಂ ಊದುತ್ತಿದ್ದವರು ಹೆಬ್ರಿಯ ಒಬ್ಬ ಹಿರಿಯರು. ಅವರು ಬೊಂಬಾಯಿಯ ಮಗಳ ಮನೆಗೆ ಹೋದ ವಾರವೇ ಇವನು ಬಂದ. ನಾನು ಏನೂ ಟಿಪ್ಪಣಿ ಮಾಡಲಿಲ್ಲ, ಯುಫೋನಿಯಂ ಇತ್ತು, ಯುಫೋನಿಯಂ ಎಂದೇ ಬರೆದೆ. ಪುಸ್ತಕ ನಂಬಿದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಬ್ಬನೇ ಮನುಷ್ಯ ಊದುತ್ತಾ ಬಂದಿದ್ದಾನೆ. ಆ ಲೆಕ್ಕದಲ್ಲಿ ಈ ಯುವಕ ಹಾಲುಹಲ್ಲು ಬೀಳುವ ಮೊದಲೇ ನಮ್ಮ ಸಂಘ ಸೇರಿದವನು!

ಆದರೂ ನನ್ನ ಧೈರ್ಯ ಹೋಗಲಿಲ್ಲ. ಇಷ್ಟು ವರ್ಷ ನಾನು ಬರೆದದ್ದರಲ್ಲಿ ಒಬ್ಬ ಮನುಷ್ಯನ ಗುರುತು ಸಿಗದೇ ಹೋದೀತೇ ಎಂದು ಐದು, ಆರು, ಏಳನೆಯ ಪುಸ್ತಕಗಳನ್ನು ಕೆಳಗೆ ಹರಡಿ ಚಾಪೆಯ ಮೇಲೆ ಕುಳಿತೆ. ಬಂದ ವಾದ್ಯಗಳ ಸಾಲು ಬಿಟ್ಟು ಬಾರದವರ ಸಾಲು ಮಾತ್ರ ಓದುತ್ತಾ ಹೋದೆ. ಕಾರಣವಿಲ್ಲದೆ ಮೂರು ಸಲ ತಪ್ಪಿಸಿದವರಿಗೆ ಮುಂದಿನ ಮದುವೆಯ ಸರದಿ ಇಲ್ಲ ಎಂಬ ನಿಯಮ ಇದ್ದುದರಿಂದ ಎಲ್ಲರೂ ಕಾರಣ ಬರೆಸುತ್ತಿದ್ದರು, ಅವರು ಹೇಳಿದ ಹಾಗೆಯೇ ನಾನು ಬರೆಯುತ್ತಿದ್ದೆ. ದೊಡ್ಡ ಡ್ರಮ್: ಕೋಣಕ್ಕೆ ಹುಷಾರಿಲ್ಲ. ಜಾಲ್ರಾ: ಹೆಂಡತಿಯ ಮನೆಯಲ್ಲಿ ಜಗಳ ಬಿಡಿಸಲು. ಕ್ಲಾರಿನೆಟ್: ಮುಂದಿನ ಹಲ್ಲು ಕಿತ್ತಿದೆ. ಕಾರ್ನೆಟ್: ಕಾರಣ ಹೇಳಲು ನಾಚಿಕೆ.

"ಅದು ಓದಬೇಡಿ ಮಾರಾಯ್ರೆ," ಎಂದರು ಪರ್ಬುಗಳು.

ಹೆಬ್ರಿಯ ಹಿರಿಯರು ಒಂದು ದಿನವೂ ತಪ್ಪಿಸಿದವರಲ್ಲ. ಹಾಗಾಗಿ ಯುಫೋನಿಯಂ ಎಂಬ ಶಬ್ದ ಆ ಸಾಲಿನಲ್ಲಿ ಮೊದಲ ಸಲ ಸಿಕ್ಕಿದ ಕೂಡಲೇ ಬೆರಳಿಟ್ಟೆ. ಐದನೆಯ ಪುಸ್ತಕ, ಏಪ್ರಿಲ್ ತಿಂಗಳು, ಕಾರ್ಕಳದ ಒಂದು ಮದುವೆ. 'ಯುಫೋನಿಯಂ: ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ.' ಅದೇ ವರ್ಷ ಅಕ್ಟೋಬರಿನಲ್ಲಿ ಅಭ್ಯಾಸದ ದಿನ: 'ಯುಫೋನಿಯಂ: ಗಣಿತ ಪರೀಕ್ಷೆ, ಎರಡನೇ ಸಲ.' ಮರುವರ್ಷ ಏಪ್ರಿಲ್: 'ಯುಫೋನಿಯಂ: ಗಣಿತ, ಮೂರನೇ ಸಲ.' ಅದರ ಮುಂದಿನ ಅಕ್ಟೋಬರ್: 'ಯುಫೋನಿಯಂ: ಗಣಿತ. ಈ ಸಲ ಖಂಡಿತ ಎಂದಿದ್ದಾನೆ.'

ಪರ್ಬುಗಳು ಹೊಟ್ಟೆ ಹಿಡಿದು ನಕ್ಕರು. ಮಾಸ್ಟ್ರ ಭುಜ ಅಲುಗುತ್ತಿತ್ತು. ಯುವಕ ಬೆಂಚಿನ ಮರದಲ್ಲಿ ಏನೋ ಹುಡುಕುವವನ ಹಾಗೆ ತಲೆ ತಗ್ಗಿಸಿದ.

"ನಗುವುದು ಆಮೇಲೆ," ಎಂದೆ. "ಹಾಲ್ ಟಿಕೇಟು ಎಲ್ಲುಂಟು? ಅದರಲ್ಲಿ ನಿನ್ನ ಹೆಸರು ಉಂಟು, ಫೋಟೊ ಉಂಟು, ಹೆಡ್‌ಮಾಸ್ಟ್ರ ಸೀಲು ಉಂಟು, ಪರೀಕ್ಷೆಯ ದಿನಾಂಕ ಉಂಟು. ಇಲ್ಲಿ ಅದೇ ದಿನಾಂಕಕ್ಕೆ ಯುಫೋನಿಯಂ ಗೈರು. ನಾಲ್ಕು ಸಲ ಹಾಗಾಗಲಿಕ್ಕೆ ನಿನ್ನನ್ನು ಬಿಟ್ಟು ಬೇರೆ ಯಾರುಂಟು? ಮೊದಲನೆಯದಕ್ಕೇ ಐದು ವರ್ಷ ಆಯಿತು, ಅವರು ಕೇಳಿದ್ದು ಮೂರೇ."

"ಇಲ್ಲ. ಹರಿದು ಬಿಸಾಡಿದ್ದೇನೆ," ಎಂದ.

"ಬಿಸಾಡಿದ್ದ," ಎಂದರು ತಾಯಿ. "ನಾನು ಹೆಕ್ಕಿ ಅಂಟಿಸಿ ಇಟ್ಟಿದ್ದೇನೆ. ನಾಲ್ಕೂ ಉಂಟು. ಮಾರ್ಕ್ಸ್ ಕಾರ್ಡೂ ಉಂಟು, ಪೆಟ್ಟಿಗೆಯ ಅಡಿಯಲ್ಲಿ."

ಅವನ ಮುಖ ಕೆಂಪಾಯಿತು. "ಪೊಲೀಸರ ಎದುರು ಹೋಗಿ ನಾನು ಗಣಿತದಲ್ಲಿ ಮೂರು ಸಲ ಫೇಲು ಅಂತ ಹೇಳಲಿಕ್ಕಾ? ಕೆಲಸ ಕೇಳಲಿಕ್ಕೆ ಹೋಗುವುದಾ, ಮರ್ಯಾದೆ ಕಳೆಯಲಿಕ್ಕಾ? ನಾನು ಹೋಗುವುದಿಲ್ಲ."

"ನೀನು ಕದ್ದದ್ದು ಎಂತದೂ ಇಲ್ಲ ಮಗ. ಫೇಲಾದದ್ದು, ಅಷ್ಟೇ. ನಾಲ್ಕನೇ ಸಲಕ್ಕೆ ಪಾಸಾಗಿದ್ದೀಯಲ್ಲ," ಎಂದರು ತಾಯಿ.

ಮಾಸ್ಟ್ರು ಕುರ್ಚಿಯಿಂದ ಎದ್ದು ಬಂದು ಬೆಂಚಿನಲ್ಲಿ ಅವನ ಪಕ್ಕ ಕುಳಿತರು. "ನಾನು ಮೂರನೇ ಕ್ಲಾಸು ದಾಟಿದವನಲ್ಲ. ಮಂಗಳೂರಿಗೆ ನಾನೂ ಬರುತ್ತೇನೆ. ಕೇಳಿದರೆ ಮೊದಲು ನನ್ನದು ಹೇಳು, ಆಮೇಲೆ ನಿನ್ನದು ಹೇಳು," ಎಂದರು.

ಹನ್ನೊಂದನೆಯ ದಿನ ನಾವು ಮೂವರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋದೆವು. ಮೂರು ಹಾಜರಿ ಪುಸ್ತಕಗಳು ನನ್ನ ತೊಡೆಯ ಮೇಲೆ, ಯುಫೋನಿಯಂ ಅವನ ತೊಡೆಯ ಮೇಲೆ. ಮಾಸ್ಟ್ರು ಮಡಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಪುಸ್ತಕ ವಿವರಿಸಲು ಕಾರ್ಯದರ್ಶಿ ಬೇಕೆಂದು ನನ್ನನ್ನು ಒಳಗೆ ಬಿಟ್ಟರು, ಮಾಸ್ಟ್ರು ಪ್ರಾಯದ ಬಲದಿಂದ ತಾವಾಗಿಯೇ ಒಳಗೆ ಬಂದರು.

ಮೇಜಿನ ಆಚೆ ಪೊಲೀಸ್ ಬ್ಯಾಂಡಿನ ಮುಖ್ಯಸ್ಥರು, ಕಿವಿಯ ಹತ್ತಿರ ನರೆತ ಕೂದಲು. ಒಂದು ಪುಟ ತಿರುಗಿಸಿದರು, ಎರಡು ತಿರುಗಿಸಿದರು. "ಹೆಸರು ಎಲ್ಲಿ?"

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ: ನಿಯಮ ಯಾಕಾಯಿತು, ನಡುವೆ ಮನುಷ್ಯ ಬದಲಾದದ್ದು ಪುಸ್ತಕಕ್ಕೆ ಹೇಗೆ ಗೊತ್ತಾಗಲಿಲ್ಲ, ಬಾರದವರ ಸಾಲು ಏನು ಹೇಳುತ್ತದೆ. ಯುವಕ ಅಂಟಿಸಿದ ಹಾಲ್ ಟಿಕೇಟುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟ. ಅವರು ಹಾಲ್ ಟಿಕೇಟು ಒಂದು ಕಡೆ, ಪುಸ್ತಕ ಒಂದು ಕಡೆ ಹಿಡಿದು ನಾಲ್ಕು ದಿನಾಂಕಗಳನ್ನೂ ತಾಳೆ ನೋಡಿದರು. ನಂತರ ಅವಸರವಿಲ್ಲದೆ ಬೇರೆ ಬೇರೆ ಪುಟಗಳ ಬಾರದವರ ಸಾಲನ್ನು ಓದತೊಡಗಿದರು. ಕೋಣದ ಹತ್ತಿರ ಬಂದಾಗ ಮೀಸೆಯ ಕೆಳಗೆ ನಗು ಕಾಣಿಸಿತು.

"ಈ ಕೋಣ ಯಾರದ್ದು?"

"ನನ್ನದು ಸ್ವಾಮಿ," ಎಂದರು ಮಾಸ್ಟ್ರು. "ಆಮೇಲೆ ಹುಷಾರಾಯಿತು."

ಅವರು ಪುಸ್ತಕ ಮುಚ್ಚಿ ಯುವಕನ ಕಡೆ ತಿರುಗಿದರು. "ಗಣಿತದಲ್ಲಿ ಮೂರು ಸಲ ಫೇಲು. ನೀನು ತಾಳದ ಲೆಕ್ಕ ಹೇಗೆ ಇಡುತ್ತೀಯ?"

ಯುವಕ ಒಂದು ಕ್ಷಣ ಮಾಸ್ಟ್ರನ್ನು ನೋಡಿದ. "ಮಾರ್ಚಿಂಗಿನಲ್ಲಿ ನಾಲ್ಕರ ಮೇಲೆ ಎಣಿಸಲಿಕ್ಕೆ ಇಲ್ಲ ಸರ್. ಅಷ್ಟು ಬರುತ್ತದೆ."

ಕೋಣೆಯ ಮೂಲೆಯಲ್ಲಿದ್ದ ಗುಮಾಸ್ತರೂ ನಕ್ಕುಬಿಟ್ಟರು. "ಸರಿ, ಹೊರಗೆ ಅಂಗಳಕ್ಕೆ ಬಾ, ಊದಿ ತೋರಿಸು," ಎಂದರು ಮುಖ್ಯಸ್ಥರು. ಅವನು ಊದಿದ. ಇಗರ್ಜಿಯ ಮೆರವಣಿಗೆಗೆ ನಾವು ನುಡಿಸುತ್ತಿದ್ದ ನಿಧಾನದ ಒಂದು ನಡಿಗೆಯ ಧಾಟಿ ಅದು. ಮಾಸ್ಟ್ರ ಬಲಗೈ ತೊಡೆಯ ಮೇಲೆ ತಾನಾಗಿಯೇ ಪೆಟ್ಟು ಹಾಕುತ್ತಿತ್ತು. ಅಂಗಳದ ಆಚೆ ಕವಾಯತು ಮಾಡುತ್ತಿದ್ದ ಇಬ್ಬರು ಹೆಜ್ಜೆ ನಿಲ್ಲಿಸಿ ನೋಡಿದರು.

ಮುಂದಿನ ತಿಂಗಳ ಸಭೆಯಲ್ಲಿ ಮಾಸ್ಟ್ರೇ ನಿರ್ಣಯ ಮಂಡಿಸಿದರು. ಹಾಜರಿ ಪುಸ್ತಕ ಇದ್ದ ಹಾಗೆಯೇ ಇರಲಿ, ಆದರೆ ಪ್ರತಿಯೊಬ್ಬ ಸದಸ್ಯನಿಗೂ ಅವನ ಹೆಸರು, ವಾದ್ಯ, ಸೇರಿದ ದಿನ ಬರೆದು ಸೀಲು ಹಾಕಿದ ಒಂದೊಂದು ಚೀಟಿ ಕೊಡಬೇಕು, ಅದನ್ನು ಅವರವರು ತಮ್ಮ ಮನೆಯಲ್ಲಿ ಇಟ್ಟುಕೊಳ್ಳಲಿ ಎಂದು. ಹಿಂದಿನಿಂದ ಇಣುಕಿ ಎಣಿಸಲು ಒಂದೇ ಕಡೆ ಪಟ್ಟಿ ಇರುವುದಿಲ್ಲ. ಯಾರೂ ಎದುರು ಹೇಳಲಿಲ್ಲ. ಚೀಟಿಗಳನ್ನು ನಾನೇ ಪ್ರೆಸ್ಸಿನಲ್ಲಿ ಕೆಲಸ ಮುಗಿದ ಮೇಲೆ ಯಜಮಾನರನ್ನು ಕೇಳಿ ಅಚ್ಚು ಹಾಕಿದೆ. ಮೊಳೆ ಜೋಡಿಸುವಾಗ ಹದಿನಾಲ್ಕು ವರ್ಷ ಜೊತೆಗೆ ನುಡಿಸಿದ ಇಬ್ಬರ ನಿಜವಾದ ಹೆಸರು ನನಗೆ ಮೊದಲ ಸಲ ಗೊತ್ತಾಯಿತು.

ಮಳೆಗಾಲ ಕಳೆದ ಮೇಲೆ ನೇಮಕದ ಪತ್ರ ಬಂತು. ಒಂದು ಸೋಮವಾರ ಬೆಳಿಗ್ಗೆ ಅವನು ಕಾರ್ಕಳದಿಂದ ಮೊದಲ ಬಸ್ಸಿನಲ್ಲಿ ಮಂಗಳೂರಿಗೆ ಹೋದ. ಅಲ್ಲಿ ಅವನಿಗೆ ಬೇರೆ ವಾದ್ಯ ಕೊಡುತ್ತಾರೆಂದು ಸಂಘದ ಯುಫೋನಿಯಂ ಅನ್ನು ತಾಯಿ ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಹೊತ್ತು ತಂದು ನಮ್ಮ ಕೋಣೆಗೆ ಒಪ್ಪಿಸಿದರು. ಬುಧವಾರ ಶಿರ್ವದಲ್ಲಿ ಒಂದು ಮದುವೆ ಇತ್ತು. ಅಲ್ಲಿ ನಾವು ಯುಫೋನಿಯಂ ಇಲ್ಲದೆ ನುಡಿಸಿದೆವು.